ವ್ಯಾನಿನ ಹಿಂದೆ ಕಟ್ಟಲು ಒಂದು ಹಗುರ ಕಾರು

ಜನವರಿಯ ಒಂದು ಶನಿವಾರ ಬೆಳಿಗ್ಗೆ ಎಂಟೂವರೆಗೆ ನಾವು ಆರ್.ಕೆ.ಪುರಂನ ಕ್ವಾರ್ಟರ್ಸಿನಿಂದ ಹೊರಟೆವು. ಏಳಕ್ಕೇ ಹೊರಡುವುದೆಂದು ಮಾತಾಗಿತ್ತು. ಆದರೆ ಎದುರಿನ ಬ್ಲಾಕಿನ ಬಾಲ್ಕನಿಗಳೇ ಕಾಣದಷ್ಟು ಮಂಜು ಕವಿದಿತ್ತು. ಅದು ಸ್ವಲ್ಪ ತೆಳುವಾಗಲಿ ಎಂದು ಕಾಯುತ್ತ ಎರಡು ಸಲ ಚಹಾ ಕುಡಿದೆವು. ಹೋಗಬೇಕಾದದ್ದು ಮೊದಲು ಫರೀದಾಬಾದ್, ಅಲ್ಲಿಂದ ನೋಯ್ಡಾ, ಮರುದಿನ ಓಲ್ಡ್ ರಾಜಿಂದರ್ ನಗರ, ಮತ್ತೆ ಮನೆ. ಎಲ್ಲ ಸೇರಿದರೆ ನೂರು ಕಿಲೋಮೀಟರಿನ ಆಚೀಚೆ. ಮೂವತ್ತನಾಲ್ಕು ವರ್ಷ ದಿಲ್ಲಿಯಲ್ಲೇ ಕಳೆದವರು ಇದನ್ನು ಪ್ರವಾಸ ಎಂದರೆ ಊರಿನ ಜನ ನಗುತ್ತಾರೆ. ನಗಲಿ. ಇಷ್ಟು ಭಾರವಾದ ನೂರು ಕಿಲೋಮೀಟರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಯಜಮಾನರು ಶ್ರೀನಿವಾಸಮೂರ್ತಿ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರಾಗಿ ಅಕ್ಟೋಬರಿನಲ್ಲಿ ನಿವೃತ್ತರಾದರು. ಬೇರೆಯವರ ಪ್ರವಾಸದ ಬಿಲ್ಲುಗಳನ್ನು ಪರಿಶೀಲಿಸಿ ಪಾಸು ಮಾಡುವುದು ಅವರ ಕೆಲಸವಾಗಿತ್ತು. ಜಬಲ್ಪುರದಿಂದ ಹೋಶಂಗಾಬಾದಿಗೆ ಎಷ್ಟು ದೂರ, ಎಲ್ಲೆಲ್ಲಿ ಸರ್ಕಾರಿ ಅತಿಥಿಗೃಹವಿದೆ ಎಂಬುದೆಲ್ಲ ಬಾಯಿಪಾಠ. ಒಂದು ಊರನ್ನೂ ಕಣ್ಣಾರೆ ನೋಡಿದವರಲ್ಲ. ನಿವೃತ್ತಿಗೆ ಮೊದಲೇ ಸರ್ಕಾರಿ ಹರಾಜಿನಲ್ಲಿ ಒಂದು ಹಳೆಯ ವ್ಯಾನು ಕೊಂಡರು. ಹಳ್ಳಿಗಳಿಗೆ ಹೋಗಿ ಕುಟುಂಬ ಯೋಜನೆಯ ಚಿತ್ರ ತೋರಿಸುತ್ತಿದ್ದ ವ್ಯಾನು ಅದು. ಫರೀದಾಬಾದಿನ ಒಂದು ವರ್ಕ್‌ಶಾಪಿನಲ್ಲಿ ಅದರೊಳಗೆ ಎರಡು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಪರದೆ ಕಟ್ಟಿದ ಒಂದು ಪುಟ್ಟ ಬಚ್ಚಲು ಮಾಡಿಸಿದರು. ಮಾರ್ಚಿನಲ್ಲಿ ಹೊರಟು, ನರ್ಮದೆಯ ದಡ ಹಿಡಿದು, ನಿಧಾನವಾಗಿ ತುಂಗಭದ್ರೆಯವರೆಗೆ ಇಳಿಯುವುದು ಅವರ ಆಸೆ. ನನಗೂ ಆಸೆ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ನವೆಂಬರಿನಲ್ಲಿ ಮನೆಯ ಮೆಟ್ಟಿಲು ಹತ್ತುವಾಗ ಅವರಿಗೆ ಉಸಿರು ಕಟ್ಟಿತು. ಹೃದಯ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ, ಆಪರೇಶನ್ನಿನಿಂದ ಹೆಚ್ಚು ಪ್ರಯೋಜನವಿಲ್ಲ, ಗುಳಿಗೆ ತೆಗೆದುಕೊಂಡು ಮನೆಯಲ್ಲೇ ಇರಿ, ದೂರದ ಪ್ರಯಾಣ ಬೇಡ ಎಂದರು ಡಾಕ್ಟರು. ಇವರು ಕೇಳಿದ್ದು ಒಂದೇ ಪ್ರಶ್ನೆ: "ಮನೆಯಲ್ಲೇ ಇದ್ದರೆ ಎಷ್ಟು ವರ್ಷ ಅಂತ ಬರವಣಿಗೆಯಲ್ಲಿ ಕೊಡ್ತೀರಾ?" ಡಾಕ್ಟರು ಕೊಡಲಿಲ್ಲ. ಬರವಣಿಗೆಯಲ್ಲಿ ಇಲ್ಲದ್ದು ಇವರ ಮಟ್ಟಿಗೆ ಇಲ್ಲವೇ ಇಲ್ಲ.

ಮನೆಗೆ ಬಂದವರೇ ಒಂದು ಹೊಸ ಫೈಲು ತೆರೆದರು. ವಿಷಯ: ವ್ಯಾನಿನ ಹಿಂದೆ ಎಳೆದೊಯ್ಯಲು ಹಗುರ ವಾಹನದ ಆಯ್ಕೆ. ಆಫೀಸಿನಲ್ಲಿ ಕುರ್ಚಿ ಕೊಳ್ಳುವಾಗ ಮಾಡುತ್ತಿದ್ದಂತೆ ಮೂರು ಕೊಟೇಶನ್ನು, ಒಂದು ತುಲನಾತ್ಮಕ ಪಟ್ಟಿ, ಷರತ್ತುಗಳು. ಮೊದಲ ಷರತ್ತು, ತೂಕ ಏಳುನೂರು ಕಿಲೋ ಮೀರಬಾರದು. ವ್ಯಾನಿನ ಮುದಿ ಎಂಜಿನ್ನು ಅದಕ್ಕಿಂತ ಹೆಚ್ಚು ಎಳೆಯದು. ಎರಡನೆಯದು, ದೊಡ್ಡ ಗಾಡಿ ಹೋಗದ ಓಣಿಗಳಲ್ಲಿ ತರಕಾರಿ ತರಲು ಅನುಕೂಲವಾಗಿರಬೇಕು. ಮೂರನೆಯದನ್ನು ಇದ್ದಂತೆಯೇ ಬರೆಯುತ್ತೇನೆ: "ಶ್ರೀಮತಿ ವಿಮಲಾ ಅವರು ಯಾರ ಸಹಾಯವೂ ಇಲ್ಲದೆ, ಐದು ನಿಮಿಷದೊಳಗೆ, ವಾಹನವನ್ನು ಕಳಚಿ ಓಡಿಸಿಕೊಂಡು ಹೋಗುವಂತಿರಬೇಕು."

ವಿಮಲಾ ಎಂದರೆ ನಾನು. ಡಿಸೆಂಬರಿನಲ್ಲಿ ನನ್ನನ್ನು ಮುನಿರ್ಕಾದ ಡ್ರೈವಿಂಗ್ ಸ್ಕೂಲಿಗೆ ಸೇರಿಸಿ ಲೈಸೆನ್ಸನ್ನೂ ಕೊಡಿಸಿದ್ದರು. ಓಡಿಸಿಕೊಂಡು ಎಲ್ಲಿಗೆ ಹೋಗಬೇಕು, ಆಗ ತಾವು ಎಲ್ಲಿರುತ್ತೀರಿ ಎಂಬುದನ್ನು ಫೈಲಿನಲ್ಲಿ ಬರೆದಿರಲಿಲ್ಲ. ಮದುವೆಯಾಗಿ ಮೂವತ್ತೊಂದು ವರ್ಷವಾದ ಹೆಂಗಸಿಗೆ ಅದನ್ನು ಬರೆದು ತೋರಿಸಬೇಕಾಗಿಯೂ ಇರಲಿಲ್ಲ. ದಾರಿಯಲ್ಲಿ ಎಲ್ಲೋ ಇವರಿಗೆ ಏನಾದರೂ ಆದರೆ, ಆ ದೊಡ್ಡ ವ್ಯಾನನ್ನು ಅಲ್ಲೇ ಬಿಟ್ಟು, ನಾನೊಬ್ಬಳೇ ವಾಪಸು ಬರಲು ಒಂದು ಕಾರು.

ಜಗಳವಾಡಿದೆ, ಕಣ್ಣೀರು ಹಾಕಿದೆ, ಎರಡು ದಿನ ಮಾತು ಬಿಟ್ಟೆ. ಗೋಡೆಗೆ ಹೇಳಿದ ಹಾಗಾಯಿತು. ಕೊನೆಗೆ ನಾನು ಬೇರೆ ದಾರಿ ಹಿಡಿದೆ. ಮೂರು ಗಾಡಿಗಳಲ್ಲಿ ಒಂದೂ ಆ ಮೂರನೆಯ ಷರತ್ತಿಗೆ ಒಗ್ಗದಿದ್ದರೆ ಇವರೇ ಫೈಲು ಮುಚ್ಚುತ್ತಾರೆ. ನಿಯಮ ಮೀರಿ ಒಂದು ಗುಂಡುಸೂಜಿಯನ್ನೂ ಕೊಂಡವರಲ್ಲ. ಕಳಚಬೇಕಾದವಳು ನಾನು. ನನ್ನಿಂದ ಆಗುವುದಿಲ್ಲ ಎಂದರೆ ಮುಗಿಯಿತು, ನರ್ಮದೆಯೂ ಇಲ್ಲ, ತುಂಗಭದ್ರೆಯೂ ಇಲ್ಲ. ಗುಳಿಗೆ ನುಂಗಿಕೊಂಡು ಮನೆಯಲ್ಲಿರಬೇಕು. ಈ ಉದ್ದೇಶ ಮನಸ್ಸಿನಲ್ಲಿ ಇಟ್ಟುಕೊಂಡೇ ಆ ಶನಿವಾರ ಥರ್ಮಾಸಿಗೆ ಚಹಾ ತುಂಬಿಕೊಂಡು ಹೊರಟೆ.

ಮೆಹ್ರೌಲಿ ದಾಟಿ ಬದರ್‌ಪುರದ ರಸ್ತೆ ಹಿಡಿದೆವು. ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಇಲ್ಲ. ಇವರು ಗಂಟೆಗೆ ಇಪ್ಪತ್ತರ ವೇಗದಲ್ಲಿ, ಮೂಗು ಗಾಜಿಗೆ ತಾಗುವಂತೆ ಬಗ್ಗಿ ಓಡಿಸಿದರು. ನಾನು ರಸ್ತೆ ನೋಡಲಿಲ್ಲ. ಅವರ ತುಟಿಯ ಬಣ್ಣ ನೋಡುತ್ತ ಕುಳಿತೆ. ನೀಲಿ ತಿರುಗಿದರೆ ನಾಲಿಗೆಯ ಕೆಳಗೆ ಇಡಬೇಕಾದ ಗುಳಿಗೆ ನನ್ನ ಸ್ವೆಟರಿನ ಜೇಬಿನಲ್ಲಿತ್ತು. ದಿಲ್ಲಿಯ ಗಡಿಯ ಹತ್ತಿರ ಒಂದು ಢಾಬಾದಲ್ಲಿ ನಿಲ್ಲಿಸಿ ಮೂಲಂಗಿ ಪರಾಠ ತಿಂದೆವು, ಒಂದಕ್ಕೆ ಹನ್ನೆರಡು ರೂಪಾಯಿ. "ಮಕ್ಖನ್ ಮತ್ ಡಾಲ್ನಾ ಭಯ್ಯಾ," ಎಂದು ನಾನು ಹೇಳುವಷ್ಟರಲ್ಲಿ ಆತ ಬೆಣ್ಣೆಯ ಗಡ್ಡೆ ಇಟ್ಟಾಗಿತ್ತು. ಅದನ್ನು ನಾನೇ ತೆಗೆದು ನನ್ನ ತಟ್ಟೆಗೆ ಹಾಕಿಕೊಂಡೆ. ಇವರು ಮಗುವಿನಂತೆ ಅದನ್ನೇ ನೋಡಿದರು.

ಫರೀದಾಬಾದ್ ಮುಟ್ಟಿದಾಗ ಹನ್ನೊಂದು. ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ ವರ್ಕ್‌ಶಾಪು. ಯಾಸೀನ್ ಮಿಸ್ತ್ರಿ ಎಂಬ ಅರವತ್ತು ದಾಟಿದ ಮನುಷ್ಯ ಅದರ ಮಾಲೀಕ, ಬೆಸುಗೆಗಾರ, ಎಲ್ಲ. ಆತ ಮಾಡಿಟ್ಟಿದ್ದು ಇಂಗ್ಲಿಷಿನ ಎ ಅಕ್ಷರದಂಥ ಒಂದು ಕಬ್ಬಿಣದ ಚೌಕಟ್ಟು. ಅದರ ಎರಡು ಕಾಲುಗಳನ್ನು ಕಾರಿನ ಮುಂಭಾಗಕ್ಕೆ ಬೋಲ್ಟು ಹಾಕಿ ಬಿಗಿಯುವುದು, ತುದಿಯನ್ನು ವ್ಯಾನಿನ ಹಿಂದಿನ ಕೊಂಡಿಗೆ ಸೇರಿಸಿ ಮೇಲಿನಿಂದ ಹೆಬ್ಬೆರಳು ಗಾತ್ರದ ಪಿನ್ನು ಇಳಿಸುವುದು. ಜೊತೆಗೆ ಭದ್ರತೆಗೆ ಒಂದು ಸರಪಳಿ, ಕಾರಿನ ಹಿಂದಿನ ದೀಪಕ್ಕೆ ವ್ಯಾನಿನಿಂದ ಒಂದು ತಂತಿ. ಕಾರು ತನ್ನ ನಾಲ್ಕೂ ಚಕ್ರಗಳ ಮೇಲೆ ಹಿಂದೆ ಉರುಳಿ ಬರುತ್ತದೆ. ಗೇರು ನ್ಯೂಟ್ರಲ್ಲಿನಲ್ಲಿರಬೇಕು, ಹ್ಯಾಂಡ್‌ಬ್ರೇಕು ಬಿಟ್ಟಿರಬೇಕು, ಸ್ಟಿಯರಿಂಗಿನ ಬೀಗ ತೆಗೆದಿರಬೇಕು. ಕಳಚುವಾಗ ಮಾತ್ರ ಒಂದು ಉಪಾಯವಿದೆ. ಕಾರಿನ ಭಾರ ಪಿನ್ನನ್ನು ಎಳೆದು ಹಿಡಿದಿರುತ್ತದೆ. ಕಾರಿನ ಮೂತಿಗೆ ಭುಜ ಕೊಟ್ಟು ಒಂದಿಷ್ಟು ಅಲುಗಿಸಿದರೆ ಭಾರ ಸಡಿಲವಾಗಿ ಪಿನ್ನು ಮೇಲೆ ಬರುತ್ತದೆ. ಆಮೇಲೆ ಚೌಕಟ್ಟನ್ನು ಮೇಲಕ್ಕೆ ಮಡಚಿ ಕೊಕ್ಕೆ ಹಾಕಿಕೊಂಡು ಓಡಿಸಬಹುದು.

"ಗಾಡಿ ಹಲ್ಕೀ ಹೋ ತೋ ಬಚ್ಚಾ ಭೀ ಖೋಲ್ ಲೇ," ಎಂದ ಮಿಸ್ತ್ರಿ. ಗಾಡಿ ಹಗುರವಿದ್ದರೆ ಮಗುವೂ ಬಿಚ್ಚುತ್ತದಂತೆ.

ಮೊದಲ ಕಾರು ಅಲ್ಲೇ ಹತ್ತಿರದ ಸೆಕ್ಟರಿನ ನಿವೃತ್ತ ಫೋರ್‌ಮನ್ ಒಬ್ಬರದು. ಎಂಟುನೂರು ಸಿಸಿಯ ಬಿಳಿ ಪುಟ್ಟ ಕಾರು, ತೂಕ ಆರುನೂರ ಐವತ್ತು ಕಿಲೋ. ಇವರು ತೂಕದ ಕಾಟಾಕ್ಕೆ ಒಯ್ದು ಚೀಟಿ ಬರೆಸಿಕೊಂಡೇ ನಂಬಿದರು. ಮಿಸ್ತ್ರಿ ಚೌಕಟ್ಟು ಬಿಗಿದ. ವ್ಯಾನಿಗೆ ಕಟ್ಟಿ ಕಾರ್ಖಾನೆಗಳ ಸುತ್ತ ಒಂದು ಸುತ್ತು ಹೊಡೆದು ಬಂದೆವು; ಕಾರು ಕರುವಿನ ಹಾಗೆ ಸುಮ್ಮನೆ ಹಿಂದೆ ಬಂತು. ವ್ಯಾನು ನಿಲ್ಲಿಸಿ ಇವರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು.

"ಹೂಂ, ಶುರು ಮಾಡು ವಿಮಲಾ. ನಾನು ಇಲ್ಲ ಅಂದುಕೊಂಡು ಮಾಡಬೇಕು."

ಈ ಮಾತನ್ನು ಎಷ್ಟು ಸಲೀಸಾಗಿ ಹೇಳಿಬಿಟ್ಟರು! ನನಗೆ ರೋಷ ಬಂತು. ಕಾರಿನ ಮೂತಿಗೆ ಭುಜ ಕೊಡುವ ನಾಟಕ ಮಾಡಿದೆ, ಭಾರ ಹಾಕಲಿಲ್ಲ. ಪಿನ್ನು ಹಿಡಿದು ಮುಖ ಕೆಂಪಗೆ ಮಾಡಿಕೊಂಡು ಜಗ್ಗಿದೆ, ಬೆರಳು ಬಿಗಿ ಮಾಡಲಿಲ್ಲ. ಐದು ನಿಮಿಷ ಮುಗಿಯುವವರೆಗೂ ಹೀಗೇ. "ಬರ್ತಾ ಇಲ್ಲ ರೀ," ಎಂದು ಕೈ ಕೊಡವಿದೆ. ಮಿಸ್ತ್ರಿ ನನ್ನನ್ನೇ ನೋಡುತ್ತಿದ್ದ. ನಲವತ್ತು ವರ್ಷ ಕಬ್ಬಿಣದ ಜೊತೆ ಇದ್ದವನಿಗೆ ಯಾವ ಕೈ ಎಳೆಯುತ್ತಿದೆ, ಯಾವ ಕೈ ಎಳೆಯುತ್ತಿಲ್ಲ ಎಂದು ಹೇಳಿಕೊಡಬೇಕೇ? ಆತ ಎಣ್ಣೆಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಬೇರೆ ಕಡೆ ತಿರುಗಿದ. ಇವರು ಪೆನ್ನು ತೆಗೆದು ಪಟ್ಟಿಯಲ್ಲಿ "ಷರತ್ತು ಮೂರು: ವಿಫಲ" ಎಂದು ಬರೆದು ಸಹಿ ಹಾಕಿದರು.

ಚೌಕಟ್ಟು ಬಿಚ್ಚಿ ವ್ಯಾನಿಗೆ ಹಾಕಿಕೊಂಡು, ಮಿಸ್ತ್ರಿಯನ್ನೂ ಕೂರಿಸಿಕೊಂಡು ನೋಯ್ಡಾಕ್ಕೆ ಹೊರಟಾಗ ಒಂದೂವರೆ. ಬಿಸಿಲು ಬಂದಿರಲಿಲ್ಲ; ಮಂಜು ಹೋಗಿ ಬೂದಿ ಬಣ್ಣದ ಒಂದು ಮಬ್ಬು ಉಳಿದಿತ್ತು. ಕಾಲಿಂದಿ ಕುಂಜದ ಸೇತುವೆಯ ಮೇಲೆ ಯಮುನೆಯ ವಾಸನೆ ಕಿಟಕಿ ಮುಚ್ಚಿದರೂ ಒಳಗೆ ಬಂತು. ನೀರಿನ ಮೇಲೆ ಬಿಳಿ ನೊರೆಯ ಗುಡ್ಡೆಗಳು ತೇಲುತ್ತಿದ್ದವು. "ನರ್ಮದೆ ಹೀಗಿರಲ್ಲ," ಎಂದರು ಇವರು. "ಬಿಲ್ಲಿನಲ್ಲಿ ಬರೆದಿತ್ತಾ?" ಎಂದೆ. ನಕ್ಕರು. ಇವರನ್ನು ನಗಿಸುವುದು ಸುಲಭ, ಅದೇ ಕಷ್ಟ.

ನೋಯ್ಡಾದಲ್ಲಿ ಮೆಟ್ರೋದ ಕಂಬಗಳು ಇನ್ನೂ ಏಳುತ್ತಿದ್ದವು. ರಸ್ತೆಯ ನಡುವೆ ಬರೀ ಕಂಬ, ಮೇಲೆ ಏನೂ ಇಲ್ಲ. ಎರಡನೆಯ ಗಾಡಿ ಒಬ್ಬ ಹಲ್ಲಿನ ಡಾಕ್ಟರಮ್ಮನದು: ಬ್ಯಾಟರಿಯಲ್ಲಿ ಓಡುವ ಎರಡು ಬಾಗಿಲಿನ ಪುಟಾಣಿ ಕಾರು, ಹಳದಿ ಬಣ್ಣ. ತೂಕ ಷರತ್ತಿನ ಅಂಚಿನಲ್ಲಿ ನಿಂತಿತು. "ಇಸ್ ಮೇ ಗಿಯರ್ ಹೀ ನಹೀ ಹೈ, ಆಂಟಿ. ಬಸ್ ಬೈಠೋ ಔರ್ ಚಲೋ," ಎಂದು ಆಕೆ ಕೀಲಿ ನನ್ನ ಕೈಗೇ ಕೊಟ್ಟಳು. ಗೇರೇ ಇಲ್ಲ, ಕುಳಿತು ಹೊರಟರಾಯಿತಂತೆ. ಕಾಲೊನಿಯೊಳಗೆ ಎರಡು ಸುತ್ತು ಓಡಿಸಿದೆ. ಸದ್ದೇ ಇಲ್ಲ. ಕ್ಲಚ್ಚು ಬಿಡುವಾಗಿನ ನನ್ನ ಹೆದರಿಕೆಯೂ ಇಲ್ಲ. ಒಂದು ಕ್ಷಣ ಎಲ್ಲ ಮರೆತು ಆ ಕಾರು ನನಗೆ ಇಷ್ಟವಾಗಿಬಿಟ್ಟಿತು.

"ಆದರೆ ಎಪ್ಪತ್ತು ಕಿಲೋಮೀಟರಿಗೆ ಚಾರ್ಜು ಮುಗಿಯತ್ತಂತೆ," ಎಂದೆ ಇಳಿದ ಮೇಲೆ.

ಇವರು ತಲೆ ಅಲ್ಲಾಡಿಸಿದರು. "ನೋಡಿದೀನಿ. ನಾವು ಹೋಗೋ ದಾರಿಯಲ್ಲಿ ಎಲ್ಲೇ ಇದ್ದರೂ ಎಪ್ಪತ್ತು ಕಿಲೋಮೀಟರಿನೊಳಗೆ ನಿನಗೆ ಒಂದು ರೈಲ್ವೆ ಸ್ಟೇಷನ್ ಸಿಗತ್ತೆ. ಕಾರು ಅಲ್ಲೇ ಬಿಟ್ಟು ರೈಲು ಹತ್ತಿದರಾಯ್ತು. ಸ್ಮಿತಾ ನಿಜಾಮುದ್ದೀನಿಗೆ ಬಂದು ಕರಕೊಂಡು ಹೋಗ್ತಾಳೆ."

ಸ್ಮಿತಾ ನಮ್ಮ ಮಗಳು. ಅವಳು ಯಾವ ಸ್ಟೇಷನ್ನಿಗೆ ಬರಬೇಕೆಂಬುದೂ ಇವರ ಯೋಚನೆಯಲ್ಲಿ ಆಗಿಹೋಗಿತ್ತು! ಕಟ್ಟಿ ನೋಡಿದ ಮೇಲೆ ಪಿನ್ನಿಗೆ ಕೈ ಹಚ್ಚಿದ ಹಾಗೆ ಮಾಡಿ, "ಬೆಳಿಗ್ಗೆಯಿಂದ ಕೈ ನೋಯ್ತಿದೆ, ಆಗಲ್ಲ," ಎಂದುಬಿಟ್ಟೆ. ಮಿಸ್ತ್ರಿ ಪಿನ್ನು ತೆಗೆಯಲು ಬಗ್ಗಿದವನು ನನಗೆ ಮಾತ್ರ ಕೇಳುವಂತೆ ಹೇಳಿದ: "ಬೆಹೆನ್‌ಜೀ, ಪಿನ್ ತೋ ಮಕ್ಖನ್ ಹೈ." ಪಿನ್ನು ಬೆಣ್ಣೆಯ ಹಾಗಿದೆ ಎಂದು ಎರಡು ಬೆರಳಲ್ಲಿ ಎತ್ತಿ ತೋರಿಸಿದ. ನಾನು ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದೆ. ಆತ ನಾಳೆ ಬೆಳಿಗ್ಗೆ ಬಸ್ಸು ಹಿಡಿದು ರಾಜಿಂದರ್ ನಗರಕ್ಕೆ ಬರುತ್ತೇನೆಂದು ಹೇಳಿ ಹೋದ.

ಆ ರಾತ್ರಿ ನೋಯ್ಡಾದಲ್ಲೇ ಸ್ಮಿತಾಳ ಮನೆಯಲ್ಲಿ ಉಳಿಯುವುದಿತ್ತು. ಅವಳು ಇಲ್ಲಿಯ ಶಾಲೆಯೊಂದರಲ್ಲಿ ಟೀಚರು. ಕ್ವಾರ್ಟರ್ಸು ಖಾಲಿ ಮಾಡಿದ ಮೇಲೆ ನಾವು ಬಂದಿರಲೆಂದು ಒಂದು ಕೋಣೆಗೆ ಆಗಲೇ ಬಣ್ಣ ಹೊಡೆಸಿದ್ದಳು. ಸಂಜೆ ಆರಕ್ಕೆ ನಾವು ಹೋದಾಗ ಬಾಗಿಲಲ್ಲೇ ಶುರುವಾಯಿತು. "ಪಪ್ಪಾ, ಯೆ ಕ್ಯಾ ಜಿದ್ ಹೈ? ಡಾಕ್ಟರ್ ಹೇಳಿದ್ದಾರೆ ನಾ? ನಿಮಗೆ ಏನಾದ್ರೂ ಆದ್ರೆ ಅಮ್ಮ ಒಬ್ಬಳೇ ಏನು ಮಾಡ್ತಾಳೆ?"

"ಅದಕ್ಕೇ ಕಾರು ನೋಡ್ತಿರೋದು," ಎಂದರು ಇವರು, ಬಹಳ ಸಹಜವಾಗಿ.

ಊಟಕ್ಕೆ ಮುಂಚೆ ಇವರು ತಮ್ಮ ಚೀಲದಿಂದ ನೋವಿನ ಮುಲಾಮು ತೆಗೆದು ನನ್ನ ಪಕ್ಕ ಬಂದು ಕುಳಿತರು. "ಕೈ ಕೊಡು." ಬೇಡವೆಂದರೂ ಕೇಳಲಿಲ್ಲ. ನನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಉಜ್ಜಿದರು. ನಡುನಡುವೆ ಉಸಿರಿಗೆ ನಿಲ್ಲಿಸುತ್ತಿದ್ದರು. "ನಿನ್ನ ಕೈ ನೋಯಿಸಿದೆ. ಯೋಚನೆ ಮಾಡಬೇಕಿತ್ತು ನಾನು," ಎಂದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನನಗೆ ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಏನೂ ಆಗಿರದ ಕೈಗೆ ಅಷ್ಟು ಉಪಚಾರ. ಅಡುಗೆಮನೆಗೆ ಎದ್ದು ಹೋದೆ.

ಸ್ಮಿತಾ ಹಿಂದೆಯೇ ಬಂದಳು. ಕೈ ಹಿಡಿದು ತಿರುಗಿಸಿ ನೋಡಿದಳು. "ಏನೂ ಆಗಿಲ್ಲ, ಹೈ ನಾ?"

"ಇಲ್ಲ."

"ಗುಡ್. ನಾಳೆ ಭೀ ಹೀಗೇ ಹೇಳು. ಕೊನೇದು ತಾನೇ?" ಎಂದು ನನ್ನ ಹೆಗಲಿಗೆ ಹಣೆ ಆನಿಸಿ ಅತ್ತಳು. ನನ್ನ ಕೈಯಿಂದ ಮುಲಾಮಿನ ಘಾಟು ಬರುತ್ತಿತ್ತು. ಅದಕ್ಕೇ ಕಣ್ಣೀರು ಬಂತೆಂದು ಇಬ್ಬರೂ ಇವರ ಮುಂದೆ ಹೇಳಿದೆವು.

ಭಾನುವಾರ ಮಂಜು ಇನ್ನೂ ದಟ್ಟ. ಹತ್ತಕ್ಕೆ ಹೊರಟು, ಯಮುನೆ ದಾಟಿ, ಕರೋಲ್ ಬಾಗಿನ ಬದಿಯಿಂದ ಓಲ್ಡ್ ರಾಜಿಂದರ್ ನಗರ ಸೇರುವಾಗ ಹನ್ನೆರಡಾಯಿತು. ಓಣಿಗಳಲ್ಲಿ ವ್ಯಾನು ಹೋಗುವಂತಿರಲಿಲ್ಲ. ಪಾರ್ಕಿನ ಪಕ್ಕ ನಿಲ್ಲಿಸಿದೆವು. ಗೋಡೆ ತುಂಬ ಐ.ಎ.ಎಸ್. ಕೋಚಿಂಗಿನ ಪೋಸ್ಟರುಗಳು, ಬಾಡಿಗೆ ಕೋಣೆಗಳ ಚೀಟಿಗಳು. ನಾವು ಹುಡುಕಿಕೊಂಡು ಬಂದಿದ್ದ ಜಯಾ ದಾವಣಗೆರೆ ಕಡೆಯವರು. ಕನ್ನಡದ ಹುಡುಗ ಹುಡುಗಿಯರಿಗೆ ಮನೆಯಲ್ಲೇ ಊಟ ಹಾಕುತ್ತಾರೆ, ತಿಂಗಳಿಗೆ ಇಷ್ಟೆಂದು. ಗಂಡ ಹೋಗಿ ಎರಡು ವರ್ಷವಾಗಿದೆ. ಅವರ ಕಾರು ಮಾರಾಟಕ್ಕಿದೆಯೆಂದು ಕನ್ನಡ ಸಂಘದ ನೋಟಿಸು ಬೋರ್ಡಿನಲ್ಲಿ ಇವರು ನೋಡಿದ್ದರು.

ಬಿಸಿ ಉಪ್ಪಿಟ್ಟು ಕೊಟ್ಟು ಕೂರಿಸಿದರು. ಕಾರು ಮನೆಯ ಮುಂದೆಯೇ ಇತ್ತು. ಅದೂ ಎಂಟುನೂರು ಸಿಸಿಯದೇ, ನೀಲಿ, ಮೊದಲಿನದಕ್ಕಿಂತ ಹತ್ತು ಕಿಲೋ ಹೆಚ್ಚು. ಯಾಸೀನ್ ಮಿಸ್ತ್ರಿ ಬಂದು ಆಗಲೇ ಕಾರಿನಡಿ ಮಲಗಿದ್ದ. ಇವರು ಅವನ ಬಳಿ ನಿಂತು ಕಾಗದಪತ್ರ ನೋಡುತ್ತಿದ್ದಾಗ ನಾನು ಜಯಾ ಅವರನ್ನು ಸುಮ್ಮನೆ ಕೇಳಿದೆ, "ನೀವೇ ಇಟ್ಟುಕೊಂಡು ಓಡಿಸಬಹುದಿತ್ತಲ್ಲ?"

"ನನಗೆ ಬರಲ್ಲ ಅಕ್ಕಾ," ಎಂದರು ಅವರು. "ಅವರು ಎಷ್ಟೋ ಸಲ ಕಲಿ ಅಂದರು. ಈ ದಿಲ್ಲಿ ಟ್ರಾಫಿಕ್ಕಲ್ಲಿ ಯಾರು ಕಲೀತಾರೆ ಅಂತ ನಾನೇ ಹೋಗಲಿಲ್ಲ. ಆ ದಿವಸ ಮಧ್ಯಾಹ್ನ ಇಲ್ಲೇ, ಈ ಕುರ್ಚಿ ಮೇಲೆ, ಎದೆ ಹಿಡ್ಕೊಂಡ್ರು. ಕಾರು ಬಾಗಿಲಲ್ಲೇ ಇತ್ತು, ಕೀಲಿ ನನ್ನ ಕೈಯಲ್ಲೇ ಇತ್ತು. ಆಸ್ಪತ್ರೆ ಎರಡು ಕಿಲೋಮೀಟರ್ ರೀ. ಅವತ್ತು ಆಟೋದವರ ಹರತಾಳ. ಶಂಕರ್ ರೋಡಿನವರೆಗೂ ಓಡಿದೆ, ಯಾರಾದ್ರೂ ಬನ್ನಿ ಅಂತ. ಒಬ್ಬ ಪುಣ್ಯಾತ್ಮ ಸಿಕ್ಕಿದ. ಅವನ್ನ ಕರಕೊಂಡು ವಾಪಸು ಬರೋಹೊತ್ತಿಗೆ..." ಮಾತು ನಿಲ್ಲಿಸಿ ನನ್ನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದರು. "ಜೊತೆಯಲ್ಲಿ ಇರಲೂ ಇಲ್ಲ ನೋಡಿ ನಾನು. ರಸ್ತೇಲಿ ಓಡ್ತಿದ್ದೆ."

ಆ ಉಪ್ಪಿಟ್ಟನ್ನು ನಾನು ತಿನ್ನಲಾರದೆ ತಿಂದೆ. ಇವರು ಮನೆಯಲ್ಲೇ ಇದ್ದುಬಿಟ್ಟರೆ ಏನೂ ಆಗುವುದಿಲ್ಲ ಎಂದು ಯಾವ ಡ್ರಾಯಿಂಗ್ ರೂಮಿನ ಕುರ್ಚಿಯನ್ನು ನಂಬಿ ನಾನು ಎರಡು ದಿನದಿಂದ ಸುಳ್ಳು ಹೇಳುತ್ತಿದ್ದೆನೋ, ಅಂಥದೇ ಕುರ್ಚಿಯ ಮೇಲೆ ನಾನು ಕುಳಿತಿದ್ದೆ. ಎದ್ದುಬಿಟ್ಟೆ.

ಕಾರನ್ನು ಪಾರ್ಕಿನ ಬದಿಗೆ ತಂದು ವ್ಯಾನಿಗೆ ಕಟ್ಟಿದರು. ಶಂಕರ್ ರೋಡಿನಲ್ಲಿ ಸ್ವಲ್ಪ ದೂರ ಎಳೆದುಕೊಂಡು ಹೋಗಿ ಬಂದೆವು. ಮಿಸ್ತ್ರಿ ಉಳಿದ ತಂತಿಯ ಸುರುಳಿಗೆ ಟೇಪು ಸುತ್ತುತ್ತ ಆಚೆ ಕುಳಿತ. ನಾನು ಮುಂದೆ ಬಂದರೆ ಇವರು ತಡೆದರು. "ನಿನ್ನ ಕೈಗೆ ನೋವಿದೆ. ಬೇಡ. ನಾನೇ ಒಂದು ಸಲ ನೋಡ್ತೀನಿ. ನನಗೇ ಬಿಗಿ ಅನಿಸಿದರೆ ನಿನಗೆ ಆಗೋದೇ ಇಲ್ಲ. ಫೈಲು ಮುಚ್ಚಿಬಿಡೋಣ. ಸ್ಮಿತಾ ಮನೆಗೆ ಹೋಗೋಣ."

ಇದೇ ತಾನೇ ನನಗೆ ಬೇಕಾಗಿದ್ದು? ಅವರು ಕಾರಿನ ಮೂತಿಗೆ ಭುಜ ಕೊಟ್ಟರು. ಕಾರು ಅಲುಗಲಿಲ್ಲ. ಪಿನ್ನಿಗೆ ಎರಡೂ ಕೈ ಹಾಕಿ ಎಳೆದರು. ಇನ್ನೊಂದು ಸಲ ಭುಜ ಕೊಟ್ಟರು. ಅವರ ಹಣೆಯಲ್ಲಿ, ಆ ಚಳಿಯಲ್ಲಿ, ಬೆವರು ಮೂಡಿತು. ಹಾಗೇ ಪಾರ್ಕಿನ ಕಟ್ಟೆಯ ಮೇಲೆ ಕುಸಿದು ಕುಳಿತರು. ನಮ್ಮ ಜೊತೆಗೆ ಬಂದಿದ್ದ ಜಯಾ ನೀರು ತರಲು ಓಡಿದರು. ನಾನು ಗುಳಿಗೆ ಅವರ ನಾಲಿಗೆಯ ಕೆಳಗಿಟ್ಟು ಬೆನ್ನು ಸವರುತ್ತ ನಿಂತೆ. ಹತ್ತು ನಿಮಿಷಕ್ಕೆ ತುಟಿಗೆ ಮತ್ತೆ ಬಣ್ಣ ಬಂತು. ನನ್ನ ಗಂಡ ಒಂದು ಕಬ್ಬಿಣದ ಪಿನ್ನಿಗೆ ಸೋತು ಕುಳಿತದ್ದನ್ನು ನಾನು ನೋಡಬಾರದಿತ್ತು. ತಲೆ ತಗ್ಗಿಸಿಕೊಂಡೇ ಅವರು ಜೇಬಿನಿಂದ ಪೆನ್ನು ತೆಗೆದರು.

"ಬರೀಬೇಡಿ, ತಾಳಿ," ಎಂದೆ.

ಹೋಗಿ ಕಾರಿನ ಮೂತಿಗೆ ಭುಜ ಕೊಟ್ಟೆ. ಈ ಸಲ ನಿಜವಾಗಿ. ಕಾರು ಒಂದು ಗೇಣು ಹಿಂದೆ ಸರಿಯಿತು, ಮುಂದೆ ಬಂತು. ಬಲಗೈ ಒಂದರಲ್ಲೇ ಪಿನ್ನು ಎತ್ತಿದೆ. ಸರಪಳಿ ತೆಗೆದೆ, ದೀಪದ ತಂತಿ ಕಿತ್ತೆ, ಚೌಕಟ್ಟು ಮಡಚಿ ಕೊಕ್ಕೆ ಹಾಕಿದೆ, ಒಳಗೆ ಕುಳಿತು ಕಾರು ಶುರು ಮಾಡಿ ಇಪ್ಪತ್ತು ಅಡಿ ಹಿಂದಕ್ಕೆ ಓಡಿಸಿ ನಿಲ್ಲಿಸಿದೆ. ಯಾರೂ ಗಡಿಯಾರ ನೋಡಿರಲಿಲ್ಲ. ಎರಡು ನಿಮಿಷವೂ ಆಗಿರಲಾರದು.

ಇವರು ನನ್ನನ್ನೂ ಪಿನ್ನನ್ನೂ ನೋಡಿದರು. "ನಿನ್ನ ಕೈ?"

"ನನ್ನ ಕೈಗೆ ಏನೂ ಆಗಿರಲಿಲ್ಲ."

"ಫರೀದಾಬಾದಿಂದು?"

"ಅದೂ ಬರ್ತಿತ್ತು."

"ಹಳದೀದು?"

"ಎರಡು ಬೆರಳಲ್ಲಿ ಬರ್ತಿತ್ತು."

ಇವರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. ಮಿಸ್ತ್ರಿ ತಂತಿಯ ಟೇಪಿನಲ್ಲೇ ಕಣ್ಣು ನೆಟ್ಟಿದ್ದ. "ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ನಾನು ಒಂದು ಸುಳ್ಳು ನೋಟ್ ಬರೆದಿಲ್ಲ ಕಣೇ," ಎಂದರು ಕೊನೆಗೆ. "ನಿನ್ನ ಮಾತು ನಂಬಿ ಎರಡು ಬರೆದೆ." ಅವರ ದನಿಯಲ್ಲಿ ಸಿಟ್ಟಿತ್ತು, ಆದರೆ ಕಣ್ಣು ಒದ್ದೆಯಾಗಿತ್ತು. "ನಾನು ಹೋಗಬಾರದು ಅಂತ ತಾನೇ?"

"ಹೌದು. ನೀವು ಹೋಗಬಾರದು ಅಂತ."

ಅವರು ಯಾವ ಹೋಗುವುದನ್ನು ಕೇಳಿದರೋ, ನಾನು ಯಾವುದಕ್ಕೆ ಉತ್ತರ ಕೊಟ್ಟೆನೋ, ಇಬ್ಬರಿಗೂ ಗೊತ್ತಿತ್ತು. ಫೈಲು ತೆರೆದು ಎರಡು "ವಿಫಲ"ಗಳನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಸರಿಪಡಿಸಿ, ಪುಟ್ಟ ಸಹಿ ಹಾಕಿದರು. ಆಮೇಲೆ ಗೊಂದಲಕ್ಕೆ ಬಿದ್ದರು. "ಹಾಗಾದರೆ ನಿಯಮದ ಪ್ರಕಾರ ಎಲ್ಲಕ್ಕಿಂತ ಹಗುರ ಆ ಬಿಳೀದು. ಅದನ್ನೇ ತಗೋಬೇಕು."

"ನಿಯಮಕ್ಕೆ ಬೆಂಕಿ ಬೀಳಲಿ. ಇದನ್ನೇ ತಗೊಳ್ಳಿ. ನಾನು ಓಡಿಸಬೇಕಾದ್ದು, ನಾನು ಹೇಳ್ತೀನಿ."

ಪಟ್ಟಿಯ ಕೆಳಗೆ ಅವರು ಏನು ಕಾರಣ ಬರೆದರೋ ನಾನು ಓದಲಿಲ್ಲ. ಜಯಾ ಅವರಿಗೆ ಚೆಕ್ಕು ಕೊಟ್ಟೆವು. ಅವರು ಕಾರಿನೊಳಗಿಂದ ಗಂಡನ ಒಂದು ಮಫ್ಲರು, ಒಂದು ಬಾಚಣಿಗೆ ಎತ್ತಿಕೊಂಡರು. "ನಿಮ್ಮ ಜೊತೆಗಾದರೂ ಊರು ನೋಡಲಿ," ಎಂದು ಕಾರಿನ ಬಾನೆಟ್ಟು ಸವರಿದರು. ಮಿಸ್ತ್ರಿ ಮತ್ತೆ ಎಲ್ಲ ಬಿಗಿದು, ಕಾರಿನ ಹಿಂದೆ ಎಳೆದೊಯ್ಯುತ್ತಿರುವ ಗಾಡಿ ಎಂದು ತಿಳಿಸುವ 'ಆನ್ ಟೋ' ಹಲಗೆ ನೇತುಹಾಕಿ, ನನ್ನ ಕಡೆ ತಿರುಗಿ ಕೈ ಮುಗಿದ. "ಖುದಾ ಕರೇ, ಖೋಲ್ನಾ ನ ಪಡೇ," ಎಂದ. ದೇವರ ದಯೆಯಿಂದ ನಿಮಗೆ ಇದನ್ನು ಬಿಚ್ಚುವ ಪ್ರಸಂಗ ಬರದಿರಲಿ ಎಂದು. ಎರಡು ದಿನದಲ್ಲಿ ನಮಗೆ ಸಿಕ್ಕ ಒಳ್ಳೆಯ ಮಾತು ಅದೊಂದೇ.

ಮನೆಗೆ ಹನ್ನೆರಡು ಕಿಲೋಮೀಟರು. ನಾಲ್ಕು ಗಂಟೆಗೇ ಬೆಳಕು ಸೋತಿತ್ತು. ಧೌಲಾ ಕುವಾಂ ಹತ್ತಿರ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಾಕಿ ನಿಲ್ಲಿಸಿದ.

"ಗಾಡೀ ಖರಾಬ್ ಹೋ ಗಯೀ ಕ್ಯಾ?"

"ನಹೀ, ಬಿಲ್ಕುಲ್ ಠೀಕ್ ಹೈ," ಎಂದರು ಇವರು. ಕೆಟ್ಟಿಲ್ಲ, ಸರಿಯಾಗಿದೆ.

"ಠೀಕ್ ಹೈ ತೋ ಖೀಂಚ್ ಕ್ಯೂಂ ರಹೇ ಹೋ?" ಸರಿಯಾಗಿದ್ದರೆ ಎಳೆದುಕೊಂಡು ಯಾಕೆ ಹೋಗುತ್ತಿದ್ದೀರಿ?

ಇವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. "ಇನ್ಕೇ ಲಿಯೇ," ಎಂದು ಇವರು ನನ್ನ ಕಡೆ ಬೆರಳು ತೋರಿಸಿದರು, ಇವಳಿಗೋಸ್ಕರ ಎಂದು. ಪೊಲೀಸಿನವನಿಗೆ ಏನರ್ಥವಾಯಿತೋ, ಹಲಗೆಯನ್ನೊಮ್ಮೆ ನೋಡಿ ಹೋಗಲು ಬಿಟ್ಟ.

ಅಲ್ಲಿಂದ ಮುಂದೆ ನಾನು ವ್ಯಾನಿನ ಹಿಂಭಾಗಕ್ಕೆ ಹೋಗಿ ಮಂಚದ ಮೇಲೆ ಕುಳಿತು ಹಿಂದಿನ ಕಿಟಕಿಯಿಂದ ನೋಡಿದೆ. ಮಂಜು ಮತ್ತೆ ಇಳಿಯುತ್ತಿತ್ತು. ಹತ್ತಡಿ ದೂರದಲ್ಲಿ ನೀಲಿ ಕಾರು ನಮ್ಮ ಹಿಂದೆ ಬರುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ರಿಂಗ್ ರೋಡಿನಿಂದ ನಾವು ಒಳಗೆ ತಿರುಗಿದಾಗ ಆ ಕಾರಿನ ಸ್ಟಿಯರಿಂಗು ತಾನಾಗಿಯೇ ನಿಧಾನವಾಗಿ ತಿರುಗಿ, ಮತ್ತೆ ನೆಟ್ಟಗಾಯಿತು. ಡ್ರೈವರಿನ ಸೀಟು ಖಾಲಿ. ಅಲ್ಲಿ ಕೂರಬೇಕಾದವಳು ನಾನು. ನಾನು ಅಲ್ಲಿ ಕುಳಿತ ದಿನ ಈ ಕಿಟಕಿಯಲ್ಲಿ ನೋಡಲು ಯಾರೂ ಇರುವುದಿಲ್ಲ.

"ಸರಿಯಾಗಿ ಬರ್ತಿದೆಯೇನೇ?" ಎಂದು ಮುಂದಿನಿಂದ ಕೂಗಿದರು.

"ಬರ್ತಿದೆ ರೀ," ಎಂದೆ. "ನಾನು ನೋಡ್ಕೋತೀನಿ. ನೀವು ಮುಂದೆ ನೋಡಿ ಓಡಿಸಿ."